ಮರಳಿನಡಿಯ ರಾಜಧಾನಿ ತಲಕಾಡು



ಚಳಿಗಾಲದ ಒಂದು ಭಾನುವಾರ ಮನೆಯವರೆಲ್ಲ ಸೇರಿ ರಾಜಧಾನಿಯೊಂದನ್ನು ನೋಡಿಬರೋಣ ಎಂದರೆ ನೀವು ಬೆಂಗಳೂರನ್ನೋ ದೆಹಲಿಯನ್ನೋ ನೆನೆಯುತ್ತೀರಿ. ಆದರೆ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲೇ ಶತಮಾನಗಳ ಕಾಲ ರಾಜಧಾನಿಯಾಗಿ ಮೆರೆದ ಊರೊಂದಿದೆ. ಅಲ್ಲಿಗೆ ಹೋದವರಿಗೆ ಮೊದಲು ಕಾಣುವುದು ಅರಮನೆಯಲ್ಲ, ಮರಳು. ಅದೇ ಗಂಗರ ತಲಕಾಡು.

ಡಿಸೆಂಬರ್ ಮತ್ತು ಜನವರಿ ಈ ಪ್ರವಾಸಕ್ಕೆ ತಕ್ಕ ತಿಂಗಳುಗಳು. ಬೇಸಿಗೆಯಲ್ಲಿ ಮರಳು ಕಾದು ಬರಿಗಾಲಿಡಲಾಗದು. ಮಳೆಗಾಲದಲ್ಲಿ ಕಾವೇರಿ ತುಂಬಿ ಹರಿಯುತ್ತಾಳೆ.

ನಂಜನಗೂಡಿನಿಂದ ಹೊರಡುವವರು ಬೆಳಗ್ಗೆ ಕಪಿಲಾ ನದಿಯನ್ನು ನೋಡಿಯೇ ಹೊರಡಿ. ಅದೇ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಗುಂಜಾ ನರಸಿಂಹಸ್ವಾಮಿ ದೇವಾಲಯದ ಬಳಿಯ ಈ ಸಂಗಮದಲ್ಲಿ 1989ರಿಂದ ದಕ್ಷಿಣದ ಕುಂಭಮೇಳ ನಡೆದುಬಂದಿದೆ. ಇಲ್ಲಿ ಸ್ವಲ್ಪ ಹೊತ್ತು ನಿಂತು ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನದಿಗಳು ನೀರಿನ ಜೊತೆಗೆ ಮರಳನ್ನೂ ಹೊತ್ತು ತರುತ್ತವೆ. ಈ ಎರಡು ನದಿಗಳು ಕೂಡಿ ಹರಿಯುವ ದಾರಿಯಲ್ಲೇ ತಲಕಾಡು ಇದೆ.

ಗಂಗರ ಮೊದಲ ರಾಜಧಾನಿ ಕುವಲಾಲ, ಅಂದರೆ ಇಂದಿನ ಕೋಲಾರ. ಅನಂತರ ಅವರು ಕಾವೇರಿ ತೀರದ ತಲಕಾಡಿಗೆ ಬಂದರು. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಈ ಗಂಗರ ಮಂತ್ರಿಯೇ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಊರನ್ನು ಗೆದ್ದು ರಾಜರಾಜಪುರವೆಂದು ಕರೆದರು. ಸುಮಾರು ನೂರು ವರ್ಷಗಳ ಬಳಿಕ ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಸೋಲಿಸಿ 'ತಲಕಾಡುಗೊಂಡ' ಎಂಬ ಬಿರುದು ಧರಿಸಿದ. ಆ ಗೆಲುವಿನ ನೆನಪಿಗೆ 1117ರಲ್ಲಿ ಕೀರ್ತಿನಾರಾಯಣ ದೇವಾಲಯವನ್ನು ಕಟ್ಟಿಸಿದ.

ಇಂದು ಸರ್ವೆ, ನೀಲಗಿರಿ ಮರಗಳ ನಡುವೆ ಮರಳು ದಿಬ್ಬಗಳನ್ನು ಹತ್ತಿ ಇಳಿದು ಒಂದೊಂದೇ ಗುಡಿಯನ್ನು ನೋಡಬೇಕು. ವೈದ್ಯನಾಥೇಶ್ವರ ದೇವಾಲಯದ ಎತ್ತರದ ದ್ವಾರಪಾಲಕರನ್ನು ಗಮನಿಸಿ. ಪಾತಾಳೇಶ್ವರ, ಮರುಳೇಶ್ವರ, ಕೀರ್ತಿನಾರಾಯಣ ಗುಡಿಗಳು ಈಗಿನ ನೆಲಮಟ್ಟಕ್ಕಿಂತ ಕೆಳಗಿವೆ. ಹಳೆಯ ಊರಿನ ನೆಲ ಎಷ್ಟು ಆಳದಲ್ಲಿತ್ತು ಎಂಬುದನ್ನು ನೀವು ಇಳಿಯುವ ಮೆಟ್ಟಿಲುಗಳೇ ಹೇಳುತ್ತವೆ. 1992-93ರ ಉತ್ಖನನದಲ್ಲಿ ಮರಳಿನಡಿಯ ಊರಿನ ಇನ್ನಷ್ಟು ಕುರುಹುಗಳು ಬೆಳಕಿಗೆ ಬಂದವು.

ಇಷ್ಟೊಂದು ಮರಳು ಎಲ್ಲಿಂದ ಬಂತು? ಜನರ ಉತ್ತರ ಅಲಮೇಲಮ್ಮನ ಶಾಪ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದಾಗ ಅಲ್ಲಿದ್ದ ವಿಜಯನಗರದ ಪ್ರತಿನಿಧಿ ತಿರುಮಲರಾಯನ ಪತ್ನಿ ಅಲಮೇಲಮ್ಮ. ಆಭರಣಗಳಿಗಾಗಿ ಬೆನ್ನಟ್ಟಿದವರಿಂದ ತಪ್ಪಿಸಿಕೊಳ್ಳಲು ಆಕೆ ಮಾಲಂಗಿಯ ಬಳಿ ನದಿಗೆ ಹಾರಿದಳು, ತಲಕಾಡು ಮರಳಾಗಲೆಂದು ಶಪಿಸಿದಳು ಎಂಬುದು ಕಥೆ. ನೊಂದ ಹೆಣ್ಣೊಬ್ಬಳ ಸಂಕಟವನ್ನು ಜನ ನಾನ್ನೂರು ವರ್ಷ ಮರೆಯದೆ ಉಳಿಸಿಕೊಂಡಿದ್ದಾರೆ. ಆದ್ದರಿಂದ ಆ ಕಥೆಗೆ ಬೆಲೆಯಿದೆ.

ಮರಳಿನ ಕಾರಣವನ್ನು ಮಾತ್ರ ನದಿಯಲ್ಲಿ ಹುಡುಕಬೇಕು. ತಲಕಾಡಿನ ಬಳಿ ಕಾವೇರಿ ತಿರುವು ಪಡೆಯುತ್ತಾಳೆ. ತಿರುವಿನ ಒಳಬದಿಯಲ್ಲಿ ನೀರಿನ ವೇಗ ತಗ್ಗುವುದರಿಂದ ಮರಳು ಅಲ್ಲಿ ನಿಲ್ಲುತ್ತದೆ. ನೀರು ಇಳಿದಾಗ ಆ ಮರಳು ಒಣಗಿ ತೆರೆದುಕೊಳ್ಳುತ್ತದೆ, ನೈಋತ್ಯದ ಗಾಳಿ ಅದನ್ನು ಊರಿನತ್ತ ತೂರುತ್ತದೆ. ಭೂಮಿಯ ಪದರಗಳ ಚಲನೆಯಿಂದ ನದಿಯ ಪಾತ್ರ ಬದಲಾಯಿತೆಂದು ಕೆಲವು ವಿಜ್ಞಾನಿಗಳು ಹೇಳುತ್ತಾರೆ. ಮೇಲ್ಭಾಗದಲ್ಲಿ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೆಯಿಂದ ಕೆಳಗಿನ ಹರಿವು ತಗ್ಗಿ ಮರಳು ಬಯಲಾಯಿತೆಂದು ಇನ್ನು ಕೆಲವರು ಹೇಳುತ್ತಾರೆ. ಹಾಗಿದ್ದರೆ ಈ ಕಥೆ ಶಾಪಕ್ಕಿಂತ ಹಳೆಯದು.

ಇಪ್ಪತ್ತನೆಯ ಶತಮಾನದ ಆರಂಭದ ಗೆಜೆಟಿಯರ್ ಒಂದು ಎರಡು ಮಾತುಗಳನ್ನು ಒಟ್ಟಿಗೇ ದಾಖಲಿಸಿದೆ. ಮರಳು ವರ್ಷಕ್ಕೆ ಒಂಬತ್ತು ಹತ್ತು ಅಡಿ ಮುಂದೊತ್ತಿ ಬರುತ್ತಿತ್ತು, ಜನ ಮನೆ ಬಿಟ್ಟು ಹಿಂದೆ ಸರಿಯುತ್ತಿದ್ದರು ಎಂಬುದು ಒಂದು. ಮಾಧವಮಂತ್ರಿ ನಾಲೆಯ ನೀರಿನಿಂದ ಸುತ್ತ ಬತ್ತದ ಬೇಸಾಯ ಸಮೃದ್ಧವಾಗಿದ್ದು ಊರು ಬೆಳೆಯುತ್ತಿತ್ತು ಎಂಬುದು ಇನ್ನೊಂದು. ಯೋಚಿಸಿ ನೋಡಿ, ಅನ್ನ ಕೊಟ್ಟ ಕಟ್ಟೆಯೇ ಗುಡಿಗಳನ್ನು ಹೂಳಲೂ ಕಾರಣವಾಗಿರಬಹುದು! ನದಿಯ ಒಂದು ಕಡೆ ನಾವು ಮಾಡುವ ಕೆಲಸದ ಫಲ ಇನ್ನೊಂದು ಕಡೆ, ಎಷ್ಟೋ ವರ್ಷಗಳ ಬಳಿಕ ಕಾಣಿಸಿಕೊಳ್ಳುತ್ತದೆ. ಅಂದು ಮರಳು ಹೆಚ್ಚಾಗಿ ಊರು ಹೂತುಹೋಯಿತು. ಇಂದು ಕಟ್ಟಡಗಳಿಗಾಗಿ ನದಿಯ ಮರಳನ್ನು ಮಿತಿಮೀರಿ ತೋಡಿದರೆ ಪಾತ್ರದಲ್ಲಿ ಗುಂಡಿಗಳು ಬೀಳುತ್ತವೆ, ಅಂತರ್ಜಲ ಇಳಿಯುತ್ತದೆ. ಅದರ ಲೆಕ್ಕ ಕೊಡಬೇಕಾದವರು ನಾವೇ.

ಮಧ್ಯಾಹ್ನ ಬುತ್ತಿ ಬಿಚ್ಚಿ ನದಿಯ ದಂಡೆಯಲ್ಲಿ ಕುಳಿತುಕೊಳ್ಳಿ. ಆದರೆ ಈಜಲು ಇಳಿಯಬೇಡಿ. ಮೇಲೆ ಶಾಂತವಾಗಿ ಕಾಣುವ ನೀರಿನಡಿ ಮಡುಗಳಿವೆ, ಸುಳಿಗಳಿವೆ. ಗುಡಿಯ ಗೋಡೆಗಳ ಮೇಲೆ ಹೆಸರು ಕೆತ್ತಬೇಡಿ, ಪ್ಲಾಸ್ಟಿಕ್ ಎಸೆಯಬೇಡಿ.

ಮನೆಗೆ ಬಂದ ಮೇಲೆ ಒಂದು ಕೆಲಸ ಮಾಡಿ. ನಂಜನಗೂಡಿನಿಂದ ತಲಕಾಡಿನವರೆಗಿನ ನದಿಯ ನಕ್ಷೆ ಬರೆದು, ಸಂಗಮ, ಅಣೆಕಟ್ಟೆ, ತಿರುವು, ಗಾಳಿ ಬೀಸುವ ದಿಕ್ಕು ಇವುಗಳನ್ನು ಗುರುತಿಸಿ. ರಾಜಧಾನಿಯೊಂದು ಹೇಗೆ ಮರೆಯಾಯಿತು ಎಂಬುದು ಆ ಒಂದು ಹಾಳೆಯಲ್ಲೇ ನಿಮಗೆ ತಿಳಿಯುತ್ತದೆ.