ಹೇಳದೆ ರಜೆ ಹಾಕುವವರು: ನಂಬಿಕೆ ಎಷ್ಟು, ನಿಜ ಎಷ್ಟು?

ಮಧುಗಿರಿಯ ಬಟ್ಟೆ ಅಂಗಡಿಯಿಂದ ಪಾವಗಡದ ಕಡಲೆಕಾಯಿ ಮಿಲ್‌ವರೆಗೆ ಮಾಲೀಕರ ದೂರು ಒಂದೇ: "ಹುಡುಗರು ಹೇಳದೆ ಕೇಳದೆ ರಜೆ ಹಾಕ್ತಾರೆ." ದೂರಿನಲ್ಲಿ ಹುರುಳಿದೆ. ಒಬ್ಬರು ಬಾರದಿದ್ದರೆ ಅವರ ಕೆಲಸವೂ ಬಂದವರ ಹೆಗಲಿಗೆ ಬೀಳುತ್ತದೆ. ಆದರೆ ಇದಕ್ಕೆ ಮಾಲೀಕರು ಹುಡುಕಿಕೊಂಡ ಮದ್ದುಗಳಲ್ಲಿ ಹಲವು ತಪ್ಪು ತಿಳುವಳಿಕೆಯಿಂದ ಹುಟ್ಟಿದವು.

ತಪ್ಪು ಕಲ್ಪನೆ 1: ಒಂದು ದಿನ ಚಕ್ಕರ್ ಹೊಡೆದರೆ ಮೂರು ದಿನದ ಸಂಬಳ ಹಿಡಿಯಬಹುದು.

ಸತ್ಯ: ಒಬ್ಬರ ಗೈರುಹಾಜರಿಗೆ ಬಾರದ ಅವಧಿಯ ಸಂಬಳವನ್ನಷ್ಟೇ ಕಡಿತ ಮಾಡಬಹುದು. ಹಿಂದಿನ 1936ರ ವೇತನ ಪಾವತಿ ಕಾಯ್ದೆಯಲ್ಲಿ ಇದ್ದದ್ದೂ ಈಗಿನ 2019ರ ವೇತನ ಸಂಹಿತೆಯಲ್ಲಿ ಇರುವುದೂ ಇದೇ. ತಿಂಗಳಿಗೆ 15,600 ರೂಪಾಯಿ, 26 ಕೆಲಸದ ದಿನ ಎಂದಾದರೆ ಒಂದು ದಿನಕ್ಕೆ 600 ರೂಪಾಯಿ, ಅದಕ್ಕಿಂತ ಹೆಚ್ಚಿಲ್ಲ.

ತಪ್ಪು ಕಲ್ಪನೆ 2: ಎಂಟು ದಿನ ಬಾರದಿದ್ದರೆ ಕೆಲಸ ತಾನಾಗಿಯೇ ಹೋಯಿತು.

ಸತ್ಯ: ಕಂಪನಿಯ ಸ್ಥಾಯಿ ಆದೇಶದಲ್ಲಿ (ನೌಕರಿಯ ನಿಯಮಾವಳಿಯಲ್ಲಿ) ಹಾಗೆ ಬರೆದಿದ್ದರೂ, ವಿಚಾರಣೆ ನಡೆಸದೆ ತೆಗೆಯುವುದು ತಪ್ಪು ಎಂದು ಡಿ.ಕೆ. ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ನೋಟಿಸ್ ಕಳಿಸಿ, ಉತ್ತರಕ್ಕೆ ಸಮಯ ಕೊಡಿ, ಅವರ ಮಾತು ಕೇಳಿ. ಎಲ್ಲವೂ ಬರಹದಲ್ಲಿರಲಿ.

ತಪ್ಪು ಕಲ್ಪನೆ 3: ಈ ಕಡೆಯವರಿಗೆ ಜವಾಬ್ದಾರಿಯೇ ಇಲ್ಲ.

ಸತ್ಯ: ಹಾಜರಿ ಪುಸ್ತಕ ತೆಗೆದು ತಿಂಗಳುವಾರು ನೋಡಿ, ರಜೆಗಳಲ್ಲಿ ಹಲವು ಹೊಲದ ಕೆಲಸ, ಜಾತ್ರೆಗಳ ವಾರಗಳಲ್ಲೇ ಇರಬಹುದು. ಶಿರಾ, ಪಾವಗಡ ಮಳೆಯಾಶ್ರಿತ ಕಡಲೆಕಾಯಿಯ ಸೀಮೆ. "ಅಣ್ಣಾ, ಕಾಯಿ ಕೀಳಕ್ಕೆ ಆಳು ಸಿಗ್ಲಿಲ್ಲ, ನಾನೇ ಹೊಲಕ್ಕೆ ಹೋಗ್ಬೇಕು" ಎಂಬ ಫೋನು ನೆಪವಲ್ಲ. ಬಲಿತ ಕಾಯಿ ನೆಲದಲ್ಲೇ ಉಳಿದು ಮಳೆ ಬಿದ್ದರೆ ಮೊಳಕೆಯೊಡೆಯುತ್ತದೆ, ವರ್ಷದ ದುಡಿಮೆ ಮಣ್ಣುಪಾಲಾಗುತ್ತದೆ. ಬಿತ್ತನೆ, ಕೊಯ್ಲು, ದಂಡಿನ ಮಾರಮ್ಮನ ಜಾತ್ರೆ, ಪಾವಗಡದ ಶನಿಮಹಾತ್ಮನ ಶ್ರಾವಣ ಶನಿವಾರಗಳು ಯಾವಾಗ ಬರುತ್ತವೆಂದು ಎಲ್ಲರಿಗೂ ಗೊತ್ತು. ಆ ವಾರಗಳಿಗೆ ಯಾರಿಗೆ ಯಾವಾಗ ರಜೆ ಎಂದು ತಿಂಗಳ ಮುಂಚೆಯೇ ಪಾಳಿ ಹಾಕಿಕೊಂಡರೆ ದಿಢೀರ್ ರಜೆಗಳು ಎಷ್ಟೋ ಕಡಿಮೆಯಾಗುತ್ತವೆ.

ತಪ್ಪು ಕಲ್ಪನೆ 4: ಒಟ್ಟು ರಜೆ ಎಷ್ಟು ಎಂದು ಎಣಿಸಿದರೆ ಸಾಕು.

ಸತ್ಯ: ಟೈಫಾಯಿಡ್ ಬಂದು ಒಂದೇ ಸಲ ಹತ್ತು ದಿನ ಮಲಗಿದವರಿಗೆ ಬದಲಿ ವ್ಯವಸ್ಥೆ ಮಾಡಬಹುದು. ಹತ್ತು ಬೇರೆ ಬೇರೆ ದಿನ, ಅದರಲ್ಲೂ ಸೋಮವಾರಗಳಂದೇ ಬಾರದವರಿಂದ ಕೆಲಸ ಹೆಚ್ಚು ಕೆಡುತ್ತದೆ. ಗೈರುಹಾಜರಿ ಅಳೆಯುವ ಬ್ರಾಡ್‌ಫರ್ಡ್ ಸೂತ್ರದಲ್ಲಿ ಎಷ್ಟು ಸಲ ಎಂಬುದನ್ನು ವರ್ಗ ಮಾಡಿ, ಒಟ್ಟು ದಿನದಿಂದ ಗುಣಿಸುತ್ತಾರೆ: ಮೊದಲನೆಯವರಿಗೆ 10, ಎರಡನೆಯವರಿಗೆ 1,000. ಅಂಕ ಹೆಚ್ಚಾದರೆ ಕರೆದು ಮಾತಾಡಿ; ಅದನ್ನೇ ತೀರ್ಪೆಂದು ತಿಳಿಯಬೇಡಿ. ಮನೆಯಲ್ಲಿ ಕಾಯಿಲೆಯವರಿರಬಹುದು, ಕುಡಿತದ ತೊಂದರೆ ಇರಬಹುದು.

ತಪ್ಪು ಕಲ್ಪನೆ 5: ರಜೆ ಕೊಟ್ಟಷ್ಟೂ ತಲೆ ಮೇಲೆ ಕೂರುತ್ತಾರೆ.

ಸತ್ಯ: ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವರ್ಷಕ್ಕೆ 12 ದಿನದವರೆಗೆ ಸಂಬಳಸಹಿತ ಅನಾರೋಗ್ಯ ರಜೆಯಿದೆ, 20 ದಿನದ ದುಡಿಮೆಗೆ ಒಂದು ದಿನದ ಲೆಕ್ಕದಲ್ಲಿ ಗಳಿಕೆ ರಜೆ ಬೇರೆ. ಕೊರಟಗೆರೆಯ ಚಿಕ್ಕ ಅಂಗಡಿಯ ನೌಕರರಿಗೂ ಇದು ಹಕ್ಕು. ಕೇಳಿದರೆ ಬೈಗುಳ ಎಂದು ಗೊತ್ತಿರುವವರು ಕೇಳುವುದನ್ನೇ ಬಿಟ್ಟು ಫೋನ್ ಸ್ವಿಚ್ ಆಫ್ ಮಾಡುತ್ತಾರೆ.

ಹಾಗಾಗಿ ನಿಯಮವನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ: ಯಾರಿಗೆ, ಎಷ್ಟು ಗಂಟೆಯೊಳಗೆ ಫೋನ್ ಮಾಡಬೇಕು, ಎಷ್ಟು ರಜೆ ಇದೆ, ಮೀರಿದರೆ ಏನು ಕ್ರಮ. ಅದು ಮಾಲೀಕರ ನೆಂಟರಿಗೂ ಒಂದೇ ಆಗಿರಲಿ. ನ್ಯಾಯವಾಗಿ ರಜೆ ಕೊಡುವ ಮಾಲೀಕರಿಗೆ ಶಿಸ್ತು ಕೇಳುವ ಹಕ್ಕೂ ಇರುತ್ತದೆ.