ರೈಲು ಡಬ್ಬಿಗಳ ಕಾರಖಾನೆಯ ಸಂದರ್ಶನ

ಅಣ್ಣಿಗೇರಿ, ಕುಂದಗೋಳ ಈ ಊರುಗಳ ನಿಲ್ದಾಣಗಳಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿಬರುವದು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ರೂಢಿಯಾದ ಸಂಗತಿ. ಡಬ್ಬಿ ಬಂದು ನಿಲ್ಲುತ್ತದೆ. ನಾವು ಹತ್ತಿ ಕುಳಿತುಕೊಳ್ಳುತ್ತೇವೆ. ಅದು ನಮ್ಮನ್ನು ಊರು ಮುಟ್ಟಿಸುತ್ತದೆ. ಆದರೆ ಆ ಡಬ್ಬಿಯ ಗಾಲಿ ಸವೆದರೆ ಏನು ಮಾಡುವರು, ಅದರ ಅಚ್ಚಿನಲ್ಲಿ ಕಣ್ಣಿಗೆ ಕಾಣದ ಸೀಳು ಬಿಟ್ಟರೆ ಯಾರಿಗೆ ಹೇಗೆ ತಿಳಿಯುವದು ಎಂಬುದನ್ನು ನಾವು ವಿಚಾರಿಸುವದೇ ಇಲ್ಲ. ಮಕ್ಕಳನ್ನು ದಿನಾಲು ಆ ಡಬ್ಬಿಯಲ್ಲಿ ಕೂಡ್ರಿಸಿ ಕಳಿಸುವ ಪಾಲಕರಿಗಾದರೂ ಇದು ಗೊತ್ತಿರಬೇಕಾದ ವಿಷಯ. ಆದಕಾರಣ ಹುಬ್ಬಳ್ಳಿಯ ಕಾರಖಾನೆಯನ್ನು ನಮ್ಮ ಬಾಲೆಯರೊಡನೆ ನೋಡಿಬಂದುದನ್ನು ಇಲ್ಲಿ ನಾಲ್ಕು ಮಾತುಗಳಲ್ಲಿ ವಿವರಿಸುವೆನು.

ಗಾಲಿಯ ಮೇಲಿನ ಮನೆಯು ಮನುಷ್ಯನ ಹಳೆಯ ಆಶೆ. ನಮ್ಮ ಕಡೆಯ ಒಕ್ಕಲಿಗರು ಸವಾರಿ ಬಂಡಿಗೆ ಕಮಾನು ಕಟ್ಟಿ, ಒಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನೆ ಬಿಡಿಸಿ, ರೊಟ್ಟಿಯ ಗಂಟು ಕಟ್ಟಿಕೊಂಡು, ಮಕ್ಕಳು ಮರಿಗಳೊಡನೆ ಜಾತ್ರೆಗೆ ಹೊರಡುತ್ತಿದ್ದರು. ಎರಡು ಮೂರು ರಾತ್ರಿ ಆ ಬಂಡಿಯೇ ಅವರಿಗೆ ಮನೆ. ಅಮೇರಿಕೆಯಲ್ಲಿ ಮೋಟಾರಿನ ಹಿಂದೆ ಕಟ್ಟಿ ಎಳೆಯುವ ಮನೆಬಂಡಿಗಳಿವೆ. ಅವುಗಳಲ್ಲಿ ಹೆಸರಾದ ಏರ್‌ಸ್ಟ್ರೀಮ್ ಎಂಬವನ್ನು ಓಹಾಯೋ ಸಂಸ್ಥಾನದ ಜ್ಯಾಕ್ಸನ್ ಸೆಂಟರ್ ಎಂಬ ಸಣ್ಣ ಊರಿನಲ್ಲಿ ಕಟ್ಟುತ್ತಾರೆ. ಅಲ್ಯುಮಿನಿಯಮ್ ತಗಡುಗಳನ್ನು ಕೈಯಿಂದ ರಿವೆಟು ಹೊಡೆದು ಜೋಡಿಸುವದನ್ನು ಬಂದವರಿಗೆ ಸುತ್ತಾಡಿಸಿ ತೋರಿಸುವ ಪದ್ಧತಿಯೂ ಅಲ್ಲಿದೆ. ನಮಗೆ ಅಷ್ಟು ದೂರ ಹೋಗುವ ಕಾರಣವಿಲ್ಲ. ನೂರಾರು ಜನರು ಉಂಡು, ಮಲಗಿ, ಎದ್ದು ಸಾಗುವ ಮನೆಗಳನ್ನು ದುರಸ್ತಿಪಡಿಸುವ ಕಾರಖಾನೆಯು ನಮ್ಮ ಹುಬ್ಬಳ್ಳಿಯ ಗದಗ ರಸ್ತೆಯಲ್ಲಿಯೇ ಇದೆ.

ಈ ಕಾರಖಾನೆಯ ಮೂಲವು ಒಂದು ದೊಡ್ಡ ದುಃಖದಲ್ಲಿದೆ. ೧೮೭೬-೭೮ರ ಭಯಂಕರ ಬರಗಾಲದಲ್ಲಿ ಒಂದು ಪ್ರಾಂತದಲ್ಲಿ ಕಾಳಿದ್ದರೂ ಇನ್ನೊಂದು ಪ್ರಾಂತಕ್ಕೆ ಅದನ್ನು ಹೊತ್ತು ತರುವ ಸಾಧನವಿರಲಿಲ್ಲ. ದಾರಿಯಲ್ಲಿ ಎತ್ತುಗಳೇ ಮೇವು ನೀರಿಲ್ಲದೆ ಬೀಳುತ್ತಿದ್ದವು. ಇಂಥ ಬರವನ್ನು ತಡೆಯುವ ಸಲುವಾಗಿಯೂ, ಈ ನಾಡಿನ ಹತ್ತಿಯನ್ನು ಬಂದರಕ್ಕೆ ಸಾಗಿಸುವ ಸಲುವಾಗಿಯೂ ೧೮೮೨ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಸ್ಥಾಪಿತವಾಯಿತು. ಆ ದಶಕದಲ್ಲಿಯೇ ಹುಬ್ಬಳ್ಳಿಯಿಂದ ಅಣ್ಣಿಗೇರಿಯ ಮೇಲೆ ಗದಗಕ್ಕೆ, ಕುಂದಗೋಳದ ಮೇಲೆ ಹರಿಹರಕ್ಕೆ ಹಳಿಗಳು ಬಿದ್ದವು. ಹುಬ್ಬಳ್ಳಿಯಲ್ಲಿ ಕಾರಖಾನೆಯೂ ಎದ್ದಿತು. ಕಂಪನಿಯ ಮುಖ್ಯ ಕಚೇರಿಯು ಧಾರವಾಡದಲ್ಲಿತ್ತು. ೧೯೧೭ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿಗೆ ಆ ಕಟ್ಟಡವೇ ಆಶ್ರಯವಾಯಿತು. ೧೯೦೮ರಲ್ಲಿ ಈ ಕಂಪನಿಯು ಮದ್ರಾಸ ರೈಲ್ವೆಯೊಡನೆ ಕೂಡಿಕೊಂಡಿತು; ೧೯೪೪ರಲ್ಲಿ ಸರಕಾರದ ವಶವಾಯಿತು; ೨೦೦೩ರಲ್ಲಿ ಹುಬ್ಬಳ್ಳಿಯು ನೈಋತ್ಯ ರೈಲ್ವೆಯ ಮುಖ್ಯ ಸ್ಥಳವಾಯಿತು. ಮೀಟರ್ ಗೇಜು ಹೋಗಿ ಅಗಲವಾದ ಹಳಿ ಬಂದ ಮೇಲೆ ಇಂದು ಪ್ರಯಾಣಿಕರ ಡಬ್ಬಿಗಳ ದುರಸ್ತಿಯೇ ಇಲ್ಲಿಯ ಮುಖ್ಯ ಕೆಲಸವಾಗಿದೆ.

ಮುಂಚಿತವಾಗಿ ಅನುಮತಿ ಪಡೆಯದೆ ಒಳಗೆ ಯಾರನ್ನೂ ಬಿಡರು. ನಮಗೆ ದಾರಿ ತೋರಿಸಲು ಬಂದ ಹಿರಿಯ ಕುಶಲಕರ್ಮಿಯು ಮೊದಲು ಹೇಳಿದ್ದು ಯಂತ್ರಗಳ ಮಾತನ್ನಲ್ಲ. “ಜಡೆಯನ್ನು ಮೇಲಕ್ಕೆ ಕಟ್ಟಿಕೊಳ್ಳಿರಿ, ತಂಗಿಯರೇ, ಓಢಣಿಯ ಸೆರಗನ್ನು ಒಳಗೆ ಸೇರಿಸಿರಿ. ತಿರುಗುವ ಯಂತ್ರಕ್ಕೆ ಸಣ್ಣವರು ದೊಡ್ಡವರೆಂಬ ಭೇದವಿಲ್ಲ” ಎಂದರು. ಈ ಮಾತಿನಿಂದಲೇ ಬಾಲೆಯರ ಗದ್ದಲವು ಅಡಗಿತು.

ದೂರ ಓಡುವ ಡಬ್ಬಿಯೊಂದು ಸಾಮಾನ್ಯವಾಗಿ ೧೮ ತಿಂಗಳಿಗೊಮ್ಮೆ ಇಂಥ ಕಾರಖಾನೆಗೆ ಬರಲೇಬೇಕು. ಕೆಟ್ಟಿರಲಿ, ಬಿಡಲಿ, ಅವಧಿ ತುಂಬಿದ ಮೇಲೆ ಬಿಚ್ಚಿ ನೋಡುವದೇ ನಿಯಮ. ಬಂದ ಕೂಡಲೆ ಡಬ್ಬಿಯ ಮೈಯನ್ನು ಎತ್ತಿ ಕಾಲುಗಳಿಂದ ಬೇರ್ಪಡಿಸುತ್ತಾರೆ. ಡಬ್ಬಿಯು ನಾಲ್ಕು ನಾಲ್ಕು ಗಾಲಿಗಳ ಎರಡು ಚೌಕಟ್ಟುಗಳ ಮೇಲೆ ಕುಳಿತಿರುತ್ತದೆ. ಎಂಜಿನಿಯರರು ‘ಬೋಗಿ’ಯೆನ್ನುವದು ಈ ಚೌಕಟ್ಟಿಗೆ; ನಾವು ಇಡೀ ಡಬ್ಬಿಗೇ ಆ ಹೆಸರು ಕೊಟ್ಟುಬಿಟ್ಟಿದ್ದೇವೆ. ನಾಲ್ವತ್ತು ಟನ್ನಿನ ಆಸುಪಾಸು ಭಾರವಾದ ಮನೆಯು ಮೇಲಕ್ಕೇಳಲು, ಕೆಳಗಿನ ಗಾಲಿಗಳು ಬೇರೆಡೆಗೆ ಹೊರಳಿ ಹೋಗುವದನ್ನು ಕಂಡು ನಮ್ಮವರು ಬೆರಗಾದರು.

ಗಾಲಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಎತ್ತಿನ ಬಂಡಿಯಲ್ಲಿ ಅಚ್ಚು ತಿರುಗುವದಿಲ್ಲ. ಎರಡು ಗಾಲಿಗಳೂ ಅದರ ಸುತ್ತ ತಮ್ಮ ತಮ್ಮಷ್ಟಕ್ಕೆ ತಿರುಗುತ್ತವೆ. ಬಂಡಿಯು ಹೊರಳುವಾಗ ಹೊರಗಿನ ಗಾಲಿಯು ಹೆಚ್ಚು, ಒಳಗಿನದು ಕಡಿಮೆ ಉರುಳುವದರಿಂದ ತೊಂದರೆಯಿಲ್ಲ. ರೈಲಿನಲ್ಲಿ ಹಾಗಲ್ಲ. ಎರಡು ಗಾಲಿಗಳೂ ಅಚ್ಚಿಗೆ ಬಿಗಿಯಾಗಿ ಕೂಡಿಕೊಂಡು ಮೂರೂ ಒಂದೇ ಆಗಿ ತಿರುಗುತ್ತವೆ. ಅಂದಮೇಲೆ ಹಳಿಯು ಬಾಗಿದಲ್ಲಿ ಹೊರಗಿನ ಗಾಲಿಯು ಹೆಚ್ಚು ದೂರವನ್ನು ಹೇಗೆ ಕ್ರಮಿಸುವದು? ಅದರ ಗುಟ್ಟು ಗಾಲಿಯ ಆಕಾರದಲ್ಲಿದೆ. ಗಾಲಿಯ ಮೈ ಚಪ್ಪಟೆಯಲ್ಲ. ಒಳಮಗ್ಗುಲಲ್ಲಿ ದಪ್ಪ, ಹೊರಮಗ್ಗುಲಿಗೆ ಇಪ್ಪತ್ತಕ್ಕೆ ಒಂದರಂತೆ ಇಳಿಜಾರು. ತಿರುವಿನಲ್ಲಿ ಜೋಡಿಗಾಲಿಯು ತುಸು ಹೊರಕ್ಕೆ ಸರಿಯುತ್ತದೆ. ಆಗ ಹೊರಗಿನ ಗಾಲಿಯು ತನ್ನ ದಪ್ಪ ಭಾಗದ ಮೇಲೆ, ಒಳಗಿನದು ತನ್ನ ಸಣ್ಣ ಭಾಗದ ಮೇಲೆ ಉರುಳಿ, ಲೆಕ್ಕವು ತಾನಾಗಿಯೇ ಸರಿಹೋಗುತ್ತದೆ.

ಇದನ್ನು ಮನೆಯಲ್ಲಿ ಪರೀಕ್ಷಿಸಿ ನೋಡಬಹುದು. ಬಾಯಿ ಅಗಲವಾದ ಎರಡು ಲೋಟಗಳನ್ನು ಬಾಯಿಗೆ ಬಾಯಿ ಹಚ್ಚಿ ಅಂಟಿಸಿ, ಇಳಿಜಾರಾಗಿ ಇಟ್ಟ ಎರಡು ಕೋಲುಗಳ ಮೇಲೆ ಉರುಳಿಸಿರಿ. ಅತ್ತಿತ್ತ ಸರಿದರೂ ನಡುವಿಗೇ ಬರುವವು. ತಳಕ್ಕೆ ತಳ ಹಚ್ಚಿ ಉರುಳಿಸಿದರೆ ಕೂಡಲೆ ಜಾರಿ ಬೀಳುವವು.

ಓಡಿ ಓಡಿ ಗಾಲಿಯ ಈ ಆಕಾರವು ಕೆಡುತ್ತದೆ. ಆಗ ದೊಡ್ಡ ಚರಕಿಯ ಮೇಲೆ ಜೋಡಿಗಾಲಿಯನ್ನು ತಿರುಗಿಸುತ್ತ ಉಕ್ಕಿನ ಉಳಿಯಿಂದ ಹೆರೆದು ಮೊದಲಿನ ರೂಪಕ್ಕೆ ತರುತ್ತಾರೆ. ಹಳೆಯ ಮಾದರಿಯ ಡಬ್ಬಿಯಲ್ಲಿ ಹೊಸ ಗಾಲಿಯ ಅಡ್ಡಳತೆ ೯೧೫ ಮಿಲಿಮೀಟರು. ಹೆರೆದು ಸವೆದು ೮೨೫ಕ್ಕೆ ಇಳಿದರೆ ಅದರ ಆಯುಷ್ಯವು ತೀರಿತು. ಆದರೂ ಅದು ವ್ಯರ್ಥವಾಗದು. ಬೆಂಗಳೂರಿನ ಯಲಹಂಕದಲ್ಲಿ ೧೯೮೪ರಿಂದ ರೈಲುಗಾಲಿಗಳ ಕಾರಖಾನೆಯೊಂದಿದೆ. ರೈಲ್ವೆಯ ಹಳೆಯ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಅಲ್ಲಿ ಹೊಸ ಗಾಲಿಗಳನ್ನು ಎರಕ ಹೊಯ್ಯುತ್ತಾರೆ.

ಗಾಲಿಯನ್ನು ಅಚ್ಚಿಗೆ ಕೂಡ್ರಿಸಲು ಮೊಳೆಯಿಲ್ಲ, ಕೀಲಿಲ್ಲ. ಗಾಲಿಯ ತೂತು ಅಚ್ಚಿಗಿಂತ ಕೂದಲೆಳೆಯಷ್ಟು ಸಣ್ಣದಿರುತ್ತದೆ. ಅದನ್ನು ಯಂತ್ರದ ಒತ್ತಡದಿಂದ ಒಳಗೆ ನೂಕುತ್ತಾರೆ. ಅಚ್ಚಿನ ತುದಿಗೆ ಏರಿಸುವ ಬೇರಿಂಗನ್ನು ಮೊದಲು ಕಾಯಿಸುತ್ತಾರೆ. ಕಾದು ಹಿಗ್ಗಿದಾಗ ಏರಿಸಿದರೆ ಆರಿದ ಮೇಲೆ ಅದು ಕುಗ್ಗಿ ಕಚ್ಚಿಕೊಳ್ಳುತ್ತದೆ. ಮಾರ್ಗದರ್ಶಕರು ಇದನ್ನು ವಿವರಿಸುತ್ತಿರುವಾಗ, ವರ್ಗದಲ್ಲಿ ಬಾಯಿ ತೆರೆಯಲು ಸಹ ಅಂಜುವ ಒಬ್ಬ ಬಾಲೆಯು ಹಿಂದಿನಿಂದ, “ಕಾಕಾ, ಇದು ನಮ್ಮಪ್ಪ ಗಾಲಿಗೆ ಹಳಿ ಏರಿಸಿದಂತೆಯೇ ಅಲ್ಲವೇ?” ಎಂದಳು. ಅವಳು ಹಳಿ ಮುಟ್ಟದ ನವಲಗುಂದದ ಕಡೆಯ ಕಂಬಾರರ ಮಗಳು. ಕುಳ್ಳಿನ ಬೆಂಕಿಯಲ್ಲಿ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ, ಇಕ್ಕಳಗಳಿಂದ ಎತ್ತಿ ಕಟ್ಟಿಗೆಯ ಗಾಲಿಗೆ ತೊಡಿಸಿ, ಮೇಲೆ ನೀರು ಸುರಿಯುವಾಗ ಏಳುವ ಹೊಗೆ, ಉಗಿ, ಗಾಲಿಯು ಬಿಗಿದುಕೊಳ್ಳುವ ಸಪ್ಪಳ ಇವುಗಳನ್ನು ಅವಳು ಚಿಕ್ಕಂದಿನಿಂದ ನೋಡಿದವಳು. “ಅದೇ, ತಂಗಿ. ಕುಲುಮೆ ಬೇರೆ, ವಿದ್ಯೆ ಒಂದೇ” ಎಂದು ಆ ಹಿರಿಯರು ಒಪ್ಪಿಕೊಂಡರು. ಆ ಕ್ಷಣದಿಂದ ಅವಳು ಗುಂಪಿನ ಹಿಂದೆ ಉಳಿಯಲಿಲ್ಲ.

ಎಲ್ಲಕ್ಕೂ ಮಿಗಿಲಾದದ್ದು ಅಚ್ಚಿನ ಪರೀಕ್ಷೆ. ಗಡಿಗೆ ಕೊಳ್ಳುವಾಗ ನಾವು ಬೆರಳ ಗೆಣ್ಣಿನಿಂದ ಬಡಿದು ಸಪ್ಪಳ ಕೇಳುತ್ತೇವೆ. ಸೀಳು ಬಿಟ್ಟ ಗಡಿಗೆಯ ದನಿಯೇ ಬೇರೆ. ಇಲ್ಲಿಯೂ ಅದೇ ಯುಕ್ತಿ. ಆದರೆ ದನಿಯು ಮನುಷ್ಯನ ಕಿವಿಗೆ ಕೇಳಿಸದಷ್ಟು ಸೂಕ್ಷ್ಮ. ಅಚ್ಚಿನ ತುದಿಗೆ ಎಣ್ಣೆ ಸವರಿ ಒಂದು ಚಿಕ್ಕ ಉಪಕರಣವನ್ನು ಹಚ್ಚುತ್ತಾರೆ. ಸೆಕೆಂಡಿಗೆ ಸುಮಾರು ೨೫ ಲಕ್ಷ ಕಂಪನಗಳ ಧ್ವನಿಯು ಉಕ್ಕಿನೊಳಗೆ ಹೋಗಿ, ಆಚೆಯ ತುದಿಯನ್ನು ಮುಟ್ಟಿ ಮರಳಿ ಬರುತ್ತದೆ. ನಡುವೆ ಎಲ್ಲಿಯಾದರೂ ಸೀಳಿದ್ದರೆ ಅಲ್ಲಿಂದಲೇ ಬೇಗ ತಿರುಗುತ್ತದೆ. ಪರದೆಯ ಮೇಲೆ ಅಕಾಲದಲ್ಲಿ ಒಂದು ಗೆರೆಯು ಮೇಲಕ್ಕೇಳುತ್ತದೆ. ಅಂಥ ಅಚ್ಚು ಮತ್ತೆ ಹಳಿಯ ಮೇಲೆ ಹೋಗಕೂಡದು.

ಈ ಎಚ್ಚರವು ಸುಮ್ಮನೆ ಬಂದುದಲ್ಲ. ೧೮೪೨ನೆಯ ಮೇ ೮ರಂದು ಫ್ರಾನ್ಸಿನ ವರ್ಸಾಯಿಯಿಂದ ಉತ್ಸವ ಮುಗಿಸಿ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿಯಿತು. ಡಬ್ಬಿಗಳು ಒಂದರ ಮೇಲೊಂದು ಏರಿ ಬೆಂಕಿ ಹತ್ತಿತು. ಬಾಗಿಲುಗಳಿಗೆ ಬೀಗ ಹಾಕಿದ್ದರಿಂದ ಐವತ್ತಕ್ಕಿಂತ ಹೆಚ್ಚು ಜನರು ಸತ್ತರು. ಗಟ್ಟಿಯಾದ ಕಬ್ಬಿಣವು ಏಕೆ ಮುರಿಯಿತೆಂಬ ಪ್ರಶ್ನೆಯು ಆಗ ವಿದ್ವಾಂಸರನ್ನು ಕಾಡಿತು. ತಲೆಗೆ ಸಿಕ್ಕಿಸುವ ತಂತಿಯ ಪಿನ್ನನ್ನು ಒಮ್ಮೆ ಬಗ್ಗಿಸಿದರೆ ಮುರಿಯದು. ಮೇಲಿಂದ ಮೇಲೆ ಅತ್ತಿತ್ತ ಬಗ್ಗಿಸಿದರೆ ಮುರಿಯುವದು. ಅಚ್ಚು ಸಹ ಸುತ್ತು ಸುತ್ತಿಗೂ ಹೀಗೆಯೇ ಅತಿ ಸ್ವಲ್ಪ ಬಾಗುತ್ತ ದಣಿಯುತ್ತದೆಂಬುದನ್ನು ಜರ್ಮನಿಯ ಎಂಜಿನಿಯರ ಆಗಸ್ಟ್ ವ್ಯೋಲರರು ೧೮೫೦-೬೦ರ ದಶಕಗಳಲ್ಲಿ ಪ್ರಯೋಗಗಳಿಂದ ತೋರಿಸಿಕೊಟ್ಟರು. ಇಷ್ಟೆಲ್ಲ ತಿಳಿದ ಮೇಲೆಯೂ, ೧೯೯೮ನೆಯ ಜೂನ್ ೩ರಂದು ಅದೇ ಜರ್ಮನಿಯ ಎಶೆಡೆ ಎಂಬಲ್ಲಿ ವೇಗದ ರೈಲೊಂದರ ಗಾಲಿಗೆ ತೊಡಿಸಿದ್ದ ಉಕ್ಕಿನ ಹಳಿಯು ಒಡೆದು ೧೦೧ ಜನರು ಮೃತರಾದರು. ಸೀಳು ಹುಟ್ಟಿದ್ದು ಹಳಿಯ ಒಳಮೈಯಲ್ಲಿ. ಹೊರಗಿನಿಂದ ನೋಡಿದವರಿಗೆ ಅದು ಕಾಣುವಂತಿರಲಿಲ್ಲ. ಇದನ್ನು ಕೇಳಿದಾಗ ಬಾಲೆಯರು ಪರದೆಯ ಮುಂದೆ ಕುಳಿತು ಗೆರೆಗಳನ್ನು ನೋಡುತ್ತಿದ್ದ ಕೆಲಸಗಾರರ ಕಡೆಗೆ ಬೇರೊಂದು ಗೌರವದಿಂದ ನೋಡಿದರು.

ಬ್ರೇಕಿನ ವ್ಯವಸ್ಥೆಯೂ ಅರಿಯತಕ್ಕದ್ದು. ಎಲ್ಲ ಡಬ್ಬಿಗಳ ಕೆಳಗೆ ಹಾದುಹೋದ ಕೊಳವೆಯಲ್ಲಿ ಚದರ ಸೆಂಟಿಮೀಟರಿಗೆ ೫ ಕಿಲೋದಷ್ಟು ಒತ್ತಡದ ಗಾಳಿಯಿರುತ್ತದೆ. ಗಾಳಿ ತುಂಬಿದ್ದರೆ ಬ್ರೇಕು ಬಿಟ್ಟಿರುವದು. ಗಾಳಿ ಹೋದರೆ ಹಿಡಿಯುವದು. ಕೊಳವೆ ಒಡೆದರೂ, ಡಬ್ಬಿಯು ಕಳಚಿಕೊಂಡರೂ, ಯಾರಾದರೂ ಸರಪಳಿ ಎಳೆದರೂ ಗಾಳಿಯು ಹೊರಬಿದ್ದು ಬ್ರೇಕು ತಾನಾಗಿ ಬೀಳುವದು. ಕೆಟ್ಟಾಗ ನಿಲ್ಲುವಂತೆ ಮಾಡಿದ ಈ ಏರ್ಪಾಡಿನಲ್ಲಿ ಬಹಳ ದೂರದೃಷ್ಟಿಯಿದೆ.

ಇತ್ತ ಡಬ್ಬಿಯ ಮೈಗೂ ಚಿಕಿತ್ಸೆ ನಡೆದಿರುತ್ತದೆ. ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯುವರು; ಆಸನಗಳನ್ನು ರಿಪೇರಿ ಮಾಡುವರು; ದೀಪ, ಪಂಖಗಳನ್ನು ನೋಡುವರು; ಬಣ್ಣ ಬಳಿಯುವರು. ಹೆಚ್ಚು ತುಕ್ಕು ಬಾಗಿಲು ಮತ್ತು ಶೌಚಾಲಯಗಳ ಹತ್ತಿರ. ಮೊದಲು ಶೌಚವು ನೇರವಾಗಿ ಹಳಿಯ ಮೇಲೆ ಬೀಳುತ್ತಿತ್ತು. ಈಗ ಕೆಳಗೆ ತೊಟ್ಟಿಯಿದ್ದು, ಅದರಲ್ಲಿಯ ಸೂಕ್ಷ್ಮಜಂತುಗಳು ಅದನ್ನು ನೀರು ಮತ್ತು ಅನಿಲವಾಗಿ ಮಾರ್ಪಡಿಸುತ್ತವೆ. ನಾವು ಅದರಲ್ಲಿ ಬಾಟಲಿ, ಬಟ್ಟೆಗಳನ್ನು ಎಸೆದರೆ ತೊಟ್ಟಿಯು ಕಟ್ಟಿಕೊಳ್ಳುವದು. ಇಂಥ ತೊಟ್ಟಿಗಳನ್ನು ಬಿಡಿಸುವವರು ಸಹ ಮನುಷ್ಯರೇ ಎಂಬುದನ್ನು ಮರೆಯಬಾರದು.

ಹೊರಡುವ ಮುಂಚೆ ಡಬ್ಬಿಯ ತುದಿಯ ಗೋಡೆಯ ಮೇಲೆ ದುರಸ್ತಿಯಾದ ಕಾರಖಾನೆಯ ಸಂಕೇತಾಕ್ಷರವನ್ನೂ, ದುರಸ್ತಿಯ ತಾರೀಖನ್ನೂ, ಮರಳಿ ಬರತಕ್ಕ ತಾರೀಖನ್ನೂ ಬರೆಯುತ್ತಾರೆ. ನಿಲ್ದಾಣದಲ್ಲಿ ನಿಂತಾಗ ಯಾರಾದರೂ ಇದನ್ನು ಓದಬಹುದು. ಕಾರಖಾನೆಗೆ ಅನುಮತಿ ದೊರೆಯದವರು ೨೦೨೦ರಲ್ಲಿ ಹುಬ್ಬಳ್ಳಿಯಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯವನ್ನಾದರೂ ಮಕ್ಕಳಿಗೆ ತೋರಿಸಲಿ.

ಹೊರಬರುವಾಗ ಆ ಕಂಬಾರರ ಮಗಳು ಮೆಲ್ಲಗೆ, “ಕಾಕಾ, ಹೆಣ್ಣುಮಕ್ಕಳನ್ನು ಇಲ್ಲಿ ತೆಗೆದುಕೊಳ್ಳುವರೇ?” ಎಂದು ಕೇಳಿದಳು. ಹತ್ತನೆಯ ಇಯತ್ತೆ ಮುಗಿಸಿ ಐ.ಟಿ.ಐ.ಯಲ್ಲಿ ಫಿಟ್ಟರ, ವೆಲ್ಡರ ಮುಂತಾದ ಕಸಬು ಕಲಿತವರನ್ನು ೧೯೬೧ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಇಲ್ಲಿ ತರಬೇತಿಗೆ ತೆಗೆದುಕೊಳ್ಳುವದುಂಟು. ಅರ್ಜಿ ಹಾಕಲು ಹುಡುಗಿಯರಿಗೆ ಅಡ್ಡಿಯಿಲ್ಲ. ಅವರು ಇದನ್ನು ತಿಳಿಸಿ, “ಆದರೆ ಹತ್ತನೆಯದನ್ನು ನಡುವೆ ಬಿಡಬೇಡ, ತಂಗಿ” ಎಂದರು. ಅವಳು ಉತ್ತರ ಕೊಡಲಿಲ್ಲ. ಮುಂದಿನ ವರ್ಷ ಅವಳನ್ನು ಶಾಲೆಗೆ ಕಳಿಸುವ ವಿಚಾರವು ಮನೆಯಲ್ಲಿ ಇನ್ನೂ ಗೊತ್ತಾಗಿರಲಿಲ್ಲವೆಂಬುದನ್ನು ನಾನು ಬಲ್ಲೆ.

ಪಾಲಕರೇ, ಈ ಲೇಖನವನ್ನು ಬರೆಯಲು ಆ ಮೌನವೇ ಮುಖ್ಯ ಕಾರಣ. ಹದಿನೆಂಟು ತಿಂಗಳಿಗೊಮ್ಮೆ ಕಬ್ಬಿಣವನ್ನು ಸಹ ಬಿಚ್ಚಿ ನೋಡಿ ಅದರ ದಣಿವನ್ನು ವಿಚಾರಿಸುವರು. ನಮ್ಮ ಮನೆಯ ಬಾಲೆಯರ ಮನಸ್ಸಿನಲ್ಲಿ ಏನಿದೆಯೆಂಬುದನ್ನು ನಾವು ಒಮ್ಮೆಯಾದರೂ ಕುಳಿತು ಕೇಳಬೇಡವೇ? ಆ ಸಂಜೆ ಹುಬ್ಬಳ್ಳಿಯ ನಿಲ್ದಾಣದಲ್ಲಿ ಎಲ್ಲರೂ ಆಸನ ಹಿಡಿಯಲು ಓಡುತ್ತಿರುವಾಗ ಅವಳೊಬ್ಬಳು ಡಬ್ಬಿಯ ತುದಿಗೆ ನಿಂತು ತಾರೀಖನ್ನು ಓದುತ್ತಿದ್ದಳು. ಓದಿ ಮುಗಿಸಿ, “ಇನ್ನೂ ಅವಧಿಯಿದೆ, ಬಾಯಿಯವರೇ, ಹತ್ತಬಹುದು” ಎಂದಳು.