ಬೆನ್ನಿನ ಮೇಲೆ ಗುರುತು ಹೊತ್ತ ಡಾಲ್ಫಿನ್

ನಮ್ಮ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ಸಿದ್ಧವಾಗುತ್ತದೆ. ಕಡಲು ಮಾತ್ರ ಘಟ್ಟದಾಚೆ. ಕಾರವಾರ, ಗೋಕರ್ಣದ ಕಡೆ ಹೋದಾಗಲೆಲ್ಲ ಮೊಮ್ಮಕ್ಕಳನ್ನು ದೋಣಿಯಲ್ಲಿ ಕೂರಿಸಿಕೊಂಡು ಡಾಲ್ಫಿನ್ ನೋಡುವುದು ನನ್ನ ರೂಢಿ.

“ಅಜ್ಜಾ, ಅದು ಮೀನಲ್ಲೇನು?” ಎಂದು ಮಕ್ಕಳು ಕೇಳುತ್ತಾರೆ. ಅಲ್ಲ. ಮೀನಿಗೆ ಕಿವಿರು, ಡಾಲ್ಫಿನ್‌ಗೆ ನಮ್ಮ ಹಾಗೆ ಶ್ವಾಸಕೋಶ. ನೆತ್ತಿಯ ಮೇಲಿನ ಒಂದೇ ಹೊಳ್ಳೆಯಿಂದ ಉಸಿರಾಡಲು ಅದು ಮೇಲೆ ಬರಲೇಬೇಕು. ಮರಿ ಹಾಕಿ ಹಾಲೂಡಿಸುತ್ತದೆ. ಮಲಗುವಾಗಲೂ ಮಿದುಳಿನ ಅರ್ಧ ಭಾಗ ಎಚ್ಚರವಾಗಿರುತ್ತದೆ!

ನಮ್ಮ ತೀರದಲ್ಲಿ ಹೆಚ್ಚಾಗಿ ಕಾಣುವುದು ಬೆನ್ನಿನ ಮೇಲೆ ಗೂನಿರುವ ಹಂಪ್‌ಬ್ಯಾಕ್ ಡಾಲ್ಫಿನ್. ದಡದ ಹತ್ತಿರದ ಆಳವಿಲ್ಲದ ನೀರು, ನದಿ ಕಡಲು ಸೇರುವ ಅಳಿವೆ ಇದಕ್ಕೆ ಇಷ್ಟ. ಅಲ್ಲಿ ಮೀನು ಹೇರಳ.

ಇವನ್ನು ಎಣಿಸುವುದು ಹೇಗೆ? ಒಂದೇ ಡಾಲ್ಫಿನ್ ಹತ್ತು ಸಲ ಮೇಲೆ ಬಂದರೆ ಹತ್ತು ಎಂದು ಲೆಕ್ಕ ಹಿಡಿಯುವಂತಿಲ್ಲ. ಅದಕ್ಕೇ ಸಂಶೋಧಕರು ಬೆನ್ನಿನ ರೆಕ್ಕೆಯ ಫೋಟೊ ತೆಗೆಯುತ್ತಾರೆ. ಅದರ ಅಂಚಿನ ಕಚ್ಚು, ಗಾಯದ ಗೆರೆಗಳು ನಮ್ಮ ಹೆಬ್ಬೆರಳ ಗುರುತಿನಂತೆ ಒಂದೊಂದಕ್ಕೂ ಬೇರೆ. ಗುಂಪಿನಲ್ಲಿ ಎಷ್ಟಿವೆ, ಮರಿ ಇದೆಯೇ, ಬೇಟೆಯಾಡುತ್ತಿವೆಯೋ ಆಡುತ್ತಿವೆಯೋ ಎಂದೂ ಬರೆದುಕೊಳ್ಳುತ್ತಾರೆ. ನೀರೊಳಗೆ ಮೈಕ್ ಇಳಿಸಿ ಅವುಗಳ ಸಿಳ್ಳೆ ಕೇಳುತ್ತಾರೆ. ಸತ್ತು ದಡಕ್ಕೆ ಬಂದ ಡಾಲ್ಫಿನ್‌ನ ಹಲ್ಲು ಸೀಳಿ, ಮರದ ಉಂಗುರ ಎಣಿಸಿದಂತೆ ಪದರ ಎಣಿಸಿ ವಯಸ್ಸು ತಿಳಿಯುತ್ತಾರೆ.

ಇದೇ ಕಡಲಲ್ಲಿ ಪೋರ್ಪಾಯ್ಸ್ ಎಂಬ ಚಿಕ್ಕ ನೆಂಟನೂ ಇದ್ದಾನೆ. ಅವನಿಗೆ ಬೆನ್ನಿನ ರೆಕ್ಕೆಯೇ ಇಲ್ಲ. ಗುರುತು ಹಿಡಿಯುವುದು ಬಲು ಕಷ್ಟ.

ಈ ಲೆಕ್ಕ ಯಾಕೆ ಬೇಕು? ಬಲೆಗೆ ಸಿಕ್ಕಿ ಮೇಲೆ ಬರಲಾಗದಿದ್ದರೆ ಡಾಲ್ಫಿನ್ ಉಸಿರುಗಟ್ಟಿ ಸಾಯುತ್ತದೆ. ಒಂದು ಸಲಕ್ಕೆ ಒಂದೇ ಮರಿ ಹಾಕುವುದರಿಂದ ಆ ನಷ್ಟ ಬೇಗ ತುಂಬುವುದಿಲ್ಲ. ಹಂಪ್‌ಬ್ಯಾಕ್ ಡಾಲ್ಫಿನ್ ಈಗ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ನೀಡಿದೆ. ಅವು ಎಲ್ಲಿ ಉಣ್ಣುತ್ತವೆ, ಎಲ್ಲಿ ಮರಿ ಸಾಕುತ್ತವೆ ಎಂಬುದು ತಿಳಿದರೆ ತಾನೇ ಆ ಜಾಗ ಕಾಯಲು ಸಾಧ್ಯ?

ಹುಬ್ಬಳ್ಳಿಗೂ ಇದಕ್ಕೂ ಏನು ಸಂಬಂಧ ಎನ್ನಬೇಡಿ. ಉಣಕಲ್ ಕೆರೆಯ ಹಳ್ಳ, ಧಾರವಾಡದ ಶಾಲ್ಮಲಾ ಸೇರಿ ಬೇಡ್ತಿಯಾಗುತ್ತವೆ. ಬೇಡ್ತಿಯೇ ಮುಂದೆ ಗಂಗಾವಳಿಯಾಗಿ ಗೋಕರ್ಣದ ಬಳಿ ಕಡಲು ಸೇರುತ್ತದೆ. ನಾವು ಹಳ್ಳಕ್ಕೆ ಎಸೆದ ಪ್ಲಾಸ್ಟಿಕ್ ಚೀಲ ಮಳೆಗಾಲದಲ್ಲಿ ಅದೇ ದಾರಿ ಹಿಡಿಯುತ್ತದೆ.

ಕಡಲನ್ನೇ ಓದಬೇಕೆನ್ನುವ ಮಕ್ಕಳಿಗೆ ದಾರಿಯೂ ಇದೆ. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರುವುದು ಕಾರವಾರದ ಕೋಡಿಬಾಗದಲ್ಲಿ. ಸದ್ಯಕ್ಕೆ, ರಜೆಯಲ್ಲಿ ದೋಣಿ ಹತ್ತಿದರೆ ಡಾಲ್ಫಿನ್ ಬೆನ್ನಟ್ಟುವುದು ಬೇಡವೆಂದು ದೋಣಿಯವರಿಗೆ ಹೇಳಿ. ಎಂಜಿನ್ ನಿಧಾನ ಮಾಡಿಸಿ ಸುಮ್ಮನೆ ಕೂತರೆ ಬೆನ್ನಿನ ರೆಕ್ಕೆಯ ಕಚ್ಚು ನಿಮಗೂ ಕಂಡೀತು.